ಊರಲ್ಲಿದ್ದ ದಿನಗಳ ಲೆಕ್ಕ

೧೯೯೬ರ ಫೆಬ್ರವರಿಯಲ್ಲಿ ಉಡುಪಿಯ ಉರ್ಸುಲಾ ಬಾಯಿಯ ಕಾಗದ ದೋಹಾಕ್ಕೆ, ಕಂಪೆನಿಯ ಪೋಸ್ಟ್ ಬಾಕ್ಸಿಗೆ ಬಂತು. ಸ್ಟೋರ್ಸ್ ವಿಭಾಗದ ಮಾರಿಸ್ ಅದನ್ನು ನಿಂತೇ ಓದಿದ. ಅವನ ಡಿಪ್ಲೊಮಾದ ಕೊನೆಯ ವರ್ಷಕ್ಕೆಂದು ಆಕೆ ೧೯೮೪ರ ಜೂನಿನಲ್ಲಿ ಪ್ರೊನೋಟು ಬರೆಸಿಕೊಂಡು ಎಂಟು ಸಾವಿರ ಕೊಟ್ಟಿದ್ದಳು. ಈಗ ಕಣ್ಣಿನ ಆಪರೇಶನ್ ಇದೆ, ದುಡ್ಡು ಕಳಿಸು ಎಂದು ಬರೆದಿದ್ದಳು. ದೋಹಾಕ್ಕೆ ಬಂದ ಮೊದಲ ವರ್ಷ ಸಂಬಳ ಸಾಲದೆ ಅವನು ಕೊಟ್ಟಿರಲಿಲ್ಲ. ಆಮೇಲೆ ನಾಚಿಕೆಯಿಂದ ಆ ಮಾತೇ ಎತ್ತಿರಲಿಲ್ಲ.

ಪಕ್ಕದ ಮೇಜಿನ ವೆಂಕಟರಾಮು ಹಿಂದೆ ಕುಂದಾಪುರದಲ್ಲಿ ವಕೀಲರೊಬ್ಬರ ಗುಮಾಸ್ತನಾಗಿದ್ದವನು. ವಿಷಯ ಕೇಳಿದ ಕೂಡಲೇ ಧೈರ್ಯ ಹೇಳಿದ.

"ಕೇಸು ಹಾಕ್ಲಿಕ್ಕೆ ಮೂರೇ ವರ್ಷ ಮಾರಾಯ್ರೆ. ಖಲಾಸ್. ನೀವು ಮಾತ್ರ 'ಕೊಡ್ತೇನೆ' ಅಂತ ಬರೆದು ಸೈನ್ ಹಾಕ್ಬೇಡಿ. ಸತ್ತ ಸಾಲ ಎದ್ದು ಕೂತ್ಕೊಳ್ತದೆ."

ಸಂಜೆ ಬಿನ್ ಮಹಮೂದ್ ಬಡಾವಣೆಯ ತನ್ನ ಫ್ಲಾಟಿನಲ್ಲಿ ಹೆಂಡತಿ ಮ್ಯಾಗ್ಡಲಿನ್‌ಗೆ ಮಾರಿಸ್ ಇದನ್ನು ಹೇಳಿದ.

"ಕಣ್ಣಿಗೂ ಮೂರೇ ವರ್ಷವಾ?" ಎಂದು ಕೇಳಿ ಅವಳು ಮೀನು ಮಗುಚಿದಳು.

ಮೂರು ದಿನದ ನಂತರ ವೆಂಕಟರಾಮು ಸಪ್ಪೆ ಮುಖ ಮಾಡಿಕೊಂಡು ಬಂದ. ಊರಿಗೆ ಫೋನು ಮಾಡಿ ವಕೀಲರನ್ನು ಕೇಳಿದ್ದನಂತೆ. "ನೀವು ಇಂಡಿಯಾದ ಹೊರಗೆ ಇದ್ದ ದಿನ ಆ ಮೂರು ವರ್ಷದ ಲೆಕ್ಕಕ್ಕಿಲ್ಲವಂತೆ. ಊರಲ್ಲಿದ್ದದ್ದು ಮಾತ್ರ."

ಇಬ್ಬರೂ ಪಾಸ್‌ಪೋರ್ಟಿನ ಮುದ್ರೆಗಳನ್ನು ನೋಡಿ ಲೆಕ್ಕ ಹಾಕಿದರು. ಗಲ್ಫಿಗೆ ಹೊರಡುವ ಮೊದಲು ಹದಿನಾರು ತಿಂಗಳು. ಎರಡು ವರ್ಷಕ್ಕೊಮ್ಮೆ ನಲವತ್ತೈದು ದಿನದಂತೆ ಐದು ರಜೆ. ಮೂರು ವರ್ಷ ತುಂಬಲು ಇನ್ನೂ ಒಂಬತ್ತು ರಜೆ ಬೇಕು.

"ಹದಿನೆಂಟು ವರ್ಷ ಕಾದರೆ ಆಯ್ತು," ಎಂದ ವೆಂಕಟರಾಮು. "ಆಕೆಗೆ ಪ್ರಾಯ ಎಷ್ಟು?"

"ಎಪ್ಪತ್ತು."

ಕಳೆದ ಐದು ರಜೆಗಳಲ್ಲೂ ಮಾರಿಸ್ ಉರ್ಸುಲಾ ಬಾಯಿಯ ಕಣ್ಣು ತಪ್ಪಿಸಲೆಂದು ಚರ್ಚಿನಲ್ಲಿ ಬೆಳಗ್ಗೆ ಆರರ ಪೂಜೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದ. ಇನ್ನೂ ಒಂಬತ್ತು ರಜೆ ಹಾಗೇ ನಸುಕಿಗೆ ಏಳಬೇಕಲ್ಲ ಎನಿಸಿದಾಗ ಅವನಿಗೆ ಸುಸ್ತಾಯಿತು. ಗುರುವಾರ ನಜ್ಮಾ ಪೇಟೆಯ ಹಣ ಕಳಿಸುವ ಎಕ್ಸ್‌ಚೇಂಜಿಗೆ ಹೋಗಿ, ಶೇಕಡಾ ಹನ್ನೆರಡರ ಬಡ್ಡಿ ಸೇರಿಸಿ ಹತ್ತೊಂಬತ್ತು ಸಾವಿರದ ಇನ್ನೂರರ ಡ್ರಾಫ್ಟ್ ತೆಗೆಸಿ ಕಳಿಸಿದ.

ಏಪ್ರಿಲಿನಲ್ಲಿ ಉತ್ತರ ಬಂತು. ಜೊತೆಗೆ ಅಡ್ಡಗೆರೆ ಎಳೆದ ಪ್ರೊನೋಟು. "ಡ್ರಾಫ್ಟಿಗೆ ಬ್ಯಾಂಕಿನವರು ನಲವತ್ತು ರೂಪಾಯಿ ಹಿಡಿದರು. ಬಂದಾಗ ಕೊಡು."

ಜುಲೈಯಲ್ಲಿ ರಜೆಗೆ ಊರಿಗೆ ಬಂದ ಮಾರಿಸ್ ಅವಳ ಮನೆಗೇ ಹೋಗಿ ನಲವತ್ತು ರೂಪಾಯಿ ಕೊಟ್ಟ. ಆಕೆ ಎರಡು ಸಲ ಎಣಿಸಿದಳು.

"ಸರಿ ಉಂಟು," ಎಂದಳು. "ಊಟ ಮಾಡಿಯೇ ಹೋಗು. ಹನ್ನೆರಡು ವರ್ಷದಲ್ಲಿ ಒಂದು ಸಲವಾದರೂ ಬರಲಿಕ್ಕೆ ನಿನಗೇನಾಗಿತ್ತು?"

ಮಾರಿಸ್ ಊಟ ಮಾಡಿದ.