ಏಳು ಮುಳುಗು

ಸತ್ತು ಮಲಗಿದ್ದ ಸೊಣ್ಣಪ್ಪನ ಎರಡು ಹೆಬ್ಬೆರಳುಗಳನ್ನು ಜೋಡಿಸಿ ದಾರ ಸುತ್ತುತ್ತಿದ್ದ ಶ್ಯಾಮಣ್ಣನ ಕೈ ಗಂಟು ಹಾಕುವ ಹೊತ್ತಿಗೆ ನಿಂತುಬಿಟ್ಟಿತು. ಮಹಡಿಯ ಬಾಡಿಗೆ ಮನೆಗಳ ಮೇಲಿಂದ ಹಕ್ಕಿಗಳ ದೊಡ್ಡದೊಂದು ಗುಂಪು ಹಾರಿಹೋದ ಸದ್ದಾಯಿತು. ಕೂಗು ಇರಲಿಲ್ಲ, ಬರೀ ರೆಕ್ಕೆಯ ಸದ್ದು.

"ಬಂದ್ವು," ಎಂದ ಪಕ್ಕದಲ್ಲಿ ಕೂತಿದ್ದ ವಿಶ್ವನಾಥ. "ಸಣ್ಣ ಬಾತು. ಈ ಬೇಗೂರು ಕೆರೆ ಮರ್ತೇಬಿಟ್ಟವೆ ಅಂದ್ಕೊಂಡಿದ್ದೆ."

"ಸುಮ್ನಿರ್ಲಾ," ಎಂದು ಶ್ಯಾಮಣ್ಣ ಗಂಟು ಬಿಗಿದ.

ತಲೆದೆಸೆಯಲ್ಲಿ ಕೂತಿದ್ದ ಸೊಣ್ಣಪ್ಪನ ಹೆಂಡತಿ ಭದ್ರಮ್ಮ ಕತ್ತೆತ್ತಿದಳು. "ವಸಂತ ಬಂದ್ನಾ ಅಣ್ಣ?"

ಬಂದಿರಲಿಲ್ಲ. ಸೊಣ್ಣಪ್ಪನಿಗೆ ಮಕ್ಕಳಿಲ್ಲ. ಸತ್ತುಹೋದ ತಮ್ಮ ಕೃಷ್ಣನ ಮಗ ವಸಂತ್ ನಾಲ್ಕು ಬೀದಿ ಆಚೆ ನೀರಿನ ಕ್ಯಾನಿನ ಅಂಗಡಿ ಇಟ್ಟಿದ್ದಾನೆ. ಮಣ್ಣು ಮಾಡುವಾಗ ಗುಂಡಿಯ ಸುತ್ತ ಮಡಕೆ ಹೊರಬೇಕಾದವನು ಅವನೇ. ಬೆಳಗ್ಗೆ ಹೇಳಿಕಳಿಸಿದಾಗ, ನಮ್ಮಪ್ಪನ್ನ ಕೊಂದೋನಿಗೆ ನಾನ್ಯಾಕೆ ಹೊರಲಿ ಅಂದನಂತೆ.

"ಬೇರೆ ಯಾರಾದ್ರೂ ಹೊರಬೋದು ಭದ್ರಮ್ಮ. ದಾಯಾದಿಗಳು ಅವ್ರೆ," ಎಂದ ವಿಶ್ವನಾಥ.

"ಕೃಷ್ಣನ ಮಗ ಹೊತ್ತರೆ ಹೊರಲಿ, ಇಲ್ದಿದ್ರೆ ಯಾರೂ ಬೇಡ ಅಂತ ಹೇಳಿದ್ರು ಇವ್ರು. ಅವನು ಬರೋ ತನಕ ಎತ್ತೋಕೆ ಬಿಡಲ್ಲ ನಾನು." ಅವಳು ದಿಂಬಿನ ಅಂಚನ್ನು ಸರಿಮಾಡಿದಳು. "ಮಾತು ನಿಂತು ಮೂರು ದಿನ ಆಗಿತ್ತಣ್ಣ. ಇವತ್ತು ಬೆಳಕು ಹರಿಯೋ ಹೊತ್ಗೆ ತಾನಾಗೇ ಎದ್ದು ಕೂತ್ರು. 'ಸದ್ದು ಮಾಡ್ಬೇಡ, ಇಳೀತಾ ಅವೆ' ಅಂದ್ರು. ಆಮೇಲೆ ಬಾಯಿಂದ ನೀರು ಬಂತು. ಕುಡಿದ ನೀರಲ್ಲ ಅದು. ಜೊಂಡಿನ ವಾಸನೆ. ಬೇಕಾದ್ರೆ ದಿಂಬು ಮೂಸಿ ನೋಡಿ."

ಶ್ಯಾಮಣ್ಣ ಮೂಸಲಿಲ್ಲ. ಒಳಗೆ ಕಾಲಿಟ್ಟಾಗಲೇ ಆ ವಾಸನೆ ಅವನಿಗೆ ಗೊತ್ತಾಗಿತ್ತು.

ಹೊರಗೆ ಶಾಮಿಯಾನದ ಕೆಳಗೆ ತಮಟೆಯವರು ಚರ್ಮ ಕಾಯಿಸುತ್ತಿದ್ದರು. ಕೆಳಮನೆಯ ಬಾಡಿಗೆದಾರ ರೇವಣಸಿದ್ದ ಗಾರೆ ಕೆಲಸಕ್ಕೆ ರಜ ಹಾಕಿ, ಬಂದವರಿಗೆ ಕುರ್ಚಿ ಎಳೆದುಕೊಡುತ್ತಿದ್ದ. ವಿಶ್ವನಾಥನ ಕಣ್ಣು ಮಾತ್ರ ಕೆರೆಯ ಕಡೆಗೇ ಇತ್ತು.

"ಪಿತೃಪಕ್ಷದಾಗೆ ಮೊದ್ಲು ಬರೋವು ಇವೇ. ದೊಡ್ಡ ಬಾತೆಲ್ಲ ಚಳಿ ಬಿದ್ಮೇಲೆ. ಇವಕ್ಕೆ ಆರು ಬುರುಡೆ ಬಿಟ್ರೆ ಧಾರಾಳ."

"ಆರಾ?" ಶ್ಯಾಮಣ್ಣನಿಗೆ ತಡೆಯಲಾಗಲಿಲ್ಲ. "ನಿನ್ ಮದ್ವೆಗೆ ಬಂದಿದ್ದೂ ಆರೇ ಜನ. ಒತ್ತೊತ್ತಾಗಿ ಕೂರೋ ಹಕ್ಕಿ ಕಣ್ಲಾ ಇದು. ಇಪ್ಪತ್ತಾದ್ರೂ ಬೇಕು."

"ಇಪ್ಪತ್ತು ಬಿಟ್ಟು ನೀನು ಹಿಡಿದಿದ್ದೇನು? ಒಂದು ಆಮೆ."

"ಬುರುಡಿ ಅಂದ್ರ ಏನ್ರಿ ಅಜ್ಜಾರ?" ಎಂದು ರೇವಣಸಿದ್ದ ಹತ್ತಿರ ಬಂದ.

"ಒಣಗಿದ ಸೋರೆಬುರುಡೆ ಕಣಪ್ಪ. ಮಸಿ ಬಳಿದು, ದಾರಕ್ಕೆ ಕಲ್ಲು ಕಟ್ಟಿ ನೀರಿಗೆ ಬಿಡೋದು. ಮೇಲೆ ಹಾರೋ ಬಾತು ನೋಡಿ, ಓ, ನಮ್ಮೋರು ಆಗ್ಲೇ ಕೂತವ್ರೆ ಅಂತ ಇಳೀತದೆ. ನಡುವೆ ಒಂದು ರಾಗಿ ಕಣದಷ್ಟು ಜಾಗ ಖಾಲಿ ಬಿಡ್ಬೇಕು. ಅಲ್ಲೇ ಪಕ್ಕ ಒಂದು ಮಡಕೆ ಬೋರಲು ತೇಲ್ತಿರ್ತದೆ."

"ಮಡಕಿ ಯಾಕ್ರಿ?"

"ಅದರೊಳಗೆ ಮನುಷ್ಯನ ತಲೆ," ಎಂದ ವಿಶ್ವನಾಥ. "ಕಣ್ಣಿಗೆ ಎರಡು ತೂತು. ಕತ್ತಿನ ತನಕ ನೀರಾಗೆ ನಿಂತು ಮೆಲ್ಲಗೆ ಸರಿದು ಹೋಗಿ, ಬಾತಿನ ಕಾಲು ಹಿಡಿದು ಒಳಕ್ಕೆ ಎಳೆಯೋದು. ಪಕ್ಕದಾಗಿರೋ ಬಾತಿಗೂ ಗೊತ್ತಾಗಲ್ಲ. ಮಡಕೆ ಮುಳುಗಿ ಎದ್ದರೆ ಒಂದು ಸಿಕ್ತು ಅಂತ. ದಂಡೆ ಮೇಲಿರೋರು ಎಣಿಸ್ತಾ ಕೂರೋದು."

"ಈಗ ಹಿಡದ್ರ ಜೇಲ ನೋಡ್ರಿ."

"ಈಗ ಹಿಡಿಯೋಕೆ ನಮ್ ಮಂಡಿ ಬಗ್ಗಬೇಕಲ್ಲಪ್ಪ!" ವಿಶ್ವನಾಥ ನಕ್ಕ. ಆಮೇಲೆ ದನಿ ತಗ್ಗಿಸಿದ. "ಕೃಷ್ಣ ಹೋಗಿದ್ದೂ ಅಂಗೇ. ತಮ್ಮ ಮುಳುಗ್ತಾ ಇದ್ರೆ ಸೊಣ್ಣಪ್ಪ ದಂಡೆ ಮೇಲೆ ಕೂತು ಎಣಿಸ್ತಿದ್ನಂತೆ. ಹೊಲಕ್ಕೋಸ್ಕರ ಬಿಟ್ಟ ಅಂತ ಊರೆಲ್ಲ ಅಂತು. ಇವನು ಒಂದಿನಾನೂ ಅಲ್ಲ ಅನ್ನಲಿಲ್ಲ. ಅಲ್ವೇನ್ಲಾ ಶ್ಯಾಮ? ನೀನೂ ಇದ್ಯಲ್ಲ."

ಶ್ಯಾಮಣ್ಣ ಎದ್ದು ಚಪ್ಪಲಿ ಮೆಟ್ಟಿದ.

*

ಸೊಣ್ಣಪ್ಪ ಇಪ್ಪತ್ತೆಂಟು ವರ್ಷ ಬೊಮ್ಮಸಂದ್ರದ ಕಾರ್ಖಾನೆಯೊಂದರ ಗೇಟು ಕಾದ. ಕೆರೆಯಂಚಿನ ಹೊಲದಲ್ಲಿ ಅಪಾರ್ಟ್‌ಮೆಂಟ್ ಎದ್ದಾಗ ಅರ್ಧ ಭಾಗ ವಸಂತನ ಹೆಸರಿಗೆ ಬರೆದ. ವಸಂತ್ ರುಜು ಹಾಕಿ ಎದ್ದುಹೋದ, ಕೊಟ್ಟ ಕಾಫಿ ಮುಟ್ಟಲಿಲ್ಲ. ಟಿ.ವಿ.ಎಸ್. ಗಾಡಿ ಓಡಿಸುವಾಗ ಸೊಣ್ಣಪ್ಪ ಹೆಲ್ಮೆಟ್ ಹಾಕುತ್ತಿರಲಿಲ್ಲ. ಪೊಲೀಸರು ಹಿಡಿದಾಗಲೆಲ್ಲ ತಲೆ ಬಗ್ಗಿಸಿ ದಂಡ ಕಟ್ಟುತ್ತಿದ್ದ. ಕೊನೆಗೆ ಗಾಡಿಯನ್ನೇ ಮಾರಿದ. ಸ್ನಾನಕ್ಕೆ ನಿಂತರೆ ನೀರು ಕತ್ತಿನಿಂದ ಕೆಳಗೆ. ತಲೆಯನ್ನು ಭದ್ರಮ್ಮ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು, ಮಗುವಿಗೆ ಒರೆಸಿದ ಹಾಗೆ. ಯಾಕೆ ಅಂತ ಅವಳು ಕೇಳಲಿಲ್ಲ.

ದಿನಾ ಸಂಜೆ ಶ್ಯಾಮಣ್ಣನೂ ಅವನೂ ಕೆರೆ ಏರಿಯ ಮೇಲೆ ಕೂರುತ್ತಿದ್ದರು. ಮಳೆ ಬಂತಾ, ಬಾಡಿಗೆಯವರು ಬಂದರಾ, ಸೊಂಟ ಹೇಗಿದೆ ಎಂಬ ಮಾತು. ಆ ಒಂದು ವಿಷಯ ಬಿಟ್ಟು ಎಲ್ಲವೂ.

*

ವಸಂತ್ ಕ್ಯಾನುಗಳಿಗೆ ಮುಚ್ಚಳ ಒತ್ತುತ್ತಿದ್ದ. ನಲವತ್ತೇಳರ ಆಳು. ತಂದೆ ಸತ್ತಾಗ ತೊಟ್ಟಿಲಲ್ಲಿದ್ದವನು.

"ಕರೆಯೋಕೆ ಬಂದಿದ್ರೆ ವಾಪಸ್ ಹೋಗಿ ಮಾವ. ಬರಲ್ಲ."

"ಕರೆಯೋಕಲ್ಲ," ಎಂದ ಶ್ಯಾಮಣ್ಣ. ಬಾಯಿ ಒಣಗಿತ್ತು. ಸುತ್ತ ಅಷ್ಟೊಂದು ನೀರಿದ್ದರೂ ಕೇಳಲು ನಾಲಗೆ ಬರಲಿಲ್ಲ. "ಅವತ್ತು ಎಣಿಸಿದ್ದು ನಾನು."

ವಸಂತನ ಕೈ ಮುಚ್ಚಳದ ಮೇಲೆ ಹಾಗೇ ಉಳಿಯಿತು.

*

ಅವತ್ತು ಮಂಜು ಇನ್ನೂ ಹರಿದಿರಲಿಲ್ಲ. ಇಪ್ಪತ್ತೆರಡು ಬುರುಡೆ ಬಿಟ್ಟಿದ್ದರು. ಅವುಗಳ ನಡುವೆ ಬಾತುಗಳು ಇಳಿದು, ಯಾವುದು ಬುರುಡೆ ಯಾವುದು ಜೀವ ಎಂದು ತಿಳಿಯದ ಹಾಗೆ ಕಲೆತುಹೋಗಿದ್ದವು. ಮಡಕೆಯೊಳಗೆ ಕೃಷ್ಣನಿದ್ದ. ಜೊಂಡಿನ ಮರೆಯಲ್ಲಿ ಸೊಣ್ಣಪ್ಪ ಮತ್ತು ಶ್ಯಾಮಣ್ಣ.

ಮಡಕೆ ಮುಳುಗಿತು, ಎದ್ದಿತು. ಶ್ಯಾಮಣ್ಣ ಒಂದು ಬೆರಳು ಮಡಚಿದ. ಮತ್ತೆ ಮುಳುಗಿತು. ಎರಡು. ಮೂರು. ನಾಲ್ಕನೆಯದಕ್ಕೆ ಸೊಣ್ಣಪ್ಪ ಅರ್ಧ ಎದ್ದ.

"ಇಷ್ಟು ಬೇಗ ಬೇಗ ಯಾರೂ ಹಿಡಿಯಲ್ಲ. ಏನೋ ಆಗದೆ. ಹೋಗ್ತೀನಿ ಬಿಡು."

ಶ್ಯಾಮಣ್ಣ ಅವನ ಪಂಚೆ ಹಿಡಿದು ಜಗ್ಗಿದ. "ಕೂತ್ಕೊಳ್ಳಾ, ಎಲ್ಲಾ ಹಾರೋಗ್ತವೆ. ಕೈ ಪಳಗದೆ ನಿನ್ ತಮ್ಮಂಗೆ. ನಿಂಗ್ಯಾಕೆ ಹೊಟ್ಟೆಕಿಚ್ಚು?"

ಐದು. ಆರು. ಏಳಕ್ಕೆ ಶ್ಯಾಮಣ್ಣ ಖುಷಿಯಿಂದ ತೊಡೆ ತಟ್ಟಿಕೊಂಡ, ಸದ್ದಾಗದ ಹಾಗೆ.

ಎಂಟನೆಯದು ಇರಲಿಲ್ಲ. ಮಡಕೆ ಹಗುರವಾಗಿ ಮೇಲೆ ಬಂತು. ಪಕ್ಕಕ್ಕೆ ಹೊರಳಿ, ಬಾಯಿ ಮೇಲೆ ಮಾಡಿಕೊಂಡು ತೇಲತೊಡಗಿತು. ಅದರೊಳಗೆ ಯಾರೂ ಇರಲಿಲ್ಲ.

ಎಳೆದು ತಂದಾಗ ಕೃಷ್ಣನ ಎರಡೂ ಕಾಲಿಗೆ ಬುರುಡೆಯ ದಾರ ಸುತ್ತಿತ್ತು. ಹಕ್ಕಿ ಕಟ್ಟಿಕೊಳ್ಳಲು ಸೊಂಟಕ್ಕೆ ಬಿಗಿದಿದ್ದ ಹಗ್ಗದಲ್ಲಿ ಒಂದು ಗರಿಯೂ ಇರಲಿಲ್ಲ.

"ಎಣಿಸ್ತಿದ್ದೋನು ನಾನು ಅಂತ ಹೇಳ್ತೀನಿ," ಎಂದ ಸೊಣ್ಣಪ್ಪ, ತಮ್ಮನ ಮುಖದ ಕೆಸರು ಒರೆಸುತ್ತಾ. "ನೋಡ್ಕೊಬೇಕಿದ್ದ ಅಣ್ಣ ನಾನು. ನೀನು ಹೊಸದಾಗಿ ಮದ್ವೆ ಆದೋನು, ಊರಲ್ಲಿ ಬಾಳ್ಬೇಕು."

ಶ್ಯಾಮಣ್ಣ ಹೂಂ ಅಂದಿದ್ದ.

*

"ಏಳರ ತನಕಾನಾ?" ಎಂದು ವಸಂತ್ ಕೇಳಿದ.

"ಹೂಂ."

"ದೊಡ್ಡಪ್ಪ ಎದ್ದಿದ್ದು ನಾಲ್ಕಕ್ಕೆ."

"ನಾಲ್ಕಕ್ಕೆ. ಹಿಡ್ಕೊಂಡಿದ್ದು ನಾನು ಮಗಾ."

"ಮಗಾ ಅನ್ಬೇಡಿ." ವಸಂತ್ ಶಟರ್ ಎಳೆದು ಬೀಗ ಹಾಕಿದ. ನಾಲ್ಕು ಬೀದಿಯನ್ನೂ ಶ್ಯಾಮಣ್ಣನಿಗಿಂತ ಹತ್ತು ಹೆಜ್ಜೆ ಮುಂದೆ ನಡೆದ.

ಅವನು ಬಾಗಿಲಲ್ಲಿ ನಿಂತದ್ದನ್ನು ಕಂಡು ಭದ್ರಮ್ಮ ದಿಂಬಿನ ಬಳಿ ಜಾಗ ಬಿಟ್ಟಳು. ವಸಂತ್ ಕೂತು, ಹಿಂಜರಿಯುತ್ತಾ ಸತ್ತವನ ಒಣ ತಲೆಯ ಮೇಲೆ ಅಂಗೈ ಇಟ್ಟ. ತೆಗೆದು ನೋಡಿಕೊಂಡಾಗ ಕೈ ಒದ್ದೆಯಾಗಿತ್ತು.

"ನೀರು ಒರೆಸಿದ್ರಾ ದೊಡ್ಡಮ್ಮ?"

"ಇಲ್ಲ ಕಣಪ್ಪ," ಎಂದಳು ಅವಳು. "ಯಾರೂ ಒರೆಸಿಲ್ಲ."

ಮೂರು ಗಂಟೆಗೆ ತಮಟೆ ಎದ್ದಿತು. ಕೆರೆಯ ಪಕ್ಕದ ಸ್ಮಶಾನದಲ್ಲಿ ವಸಂತ್ ನೀರು ತುಂಬಿದ ಮಡಕೆ ಹೆಗಲಿಗಿಟ್ಟು ಗುಂಡಿಯನ್ನು ಮೂರು ಸುತ್ತು ಬಂದ. ಸುತ್ತಿಗೊಂದು ತೂತು ಬಿದ್ದಾಗ ನೀರು ಅವನ ಬೆನ್ನಿಗೆ ಚಿಮ್ಮುತ್ತಿತ್ತು. ತಿರುಗಿ ನೋಡದೆ ಮಡಕೆಯನ್ನು ಹಿಂದಕ್ಕೆ ಬಿಟ್ಟ. ಮೊದಲ ಹಿಡಿ ಮಣ್ಣು ಹಾಕುವಾಗ "ದೊಡ್ಡಪ್ಪ" ಎಂದ, ಅಷ್ಟೇ. ಶ್ಯಾಮಣ್ಣ ಮಣ್ಣು ಹಾಕಲು ಬಗ್ಗಿದಾಗ ಅವನು ತಡೆಯಲಿಲ್ಲ. ಮುಖ ಮಾತ್ರ ಬೇರೆ ಕಡೆಗಿತ್ತು.

ಮಣ್ಣು ಮಾಡಿದ ಮೇಲೆ ಕೈಕಾಲು ತೊಳೆಯದೆ ಯಾರೂ ಮನೆ ಹೊಗುವ ಹಾಗಿಲ್ಲ. ವಸಂತನ ಅಂಗಡಿಯಿಂದ ಕ್ಯಾನು ಬಂದಿತ್ತು. ಅವನೇ ಎತ್ತಿ ಒಬ್ಬೊಬ್ಬರ ಬೊಗಸೆಗೂ ನೀರು ಹುಯ್ದ. ವಿಶ್ವನಾಥನಿಗೆ ಹುಯ್ದ, ರೇವಣಸಿದ್ದನಿಗೆ ಹುಯ್ದ. ಶ್ಯಾಮಣ್ಣ ಬಂದು ಬೊಗಸೆ ಒಡ್ಡಿದಾಗ ಕ್ಯಾನನ್ನು ನೆಟ್ಟಗೆ ಮಾಡಿ ಮುಚ್ಚಳ ಒತ್ತಿದ. ಒಳಗೆ ಅರ್ಧದಷ್ಟು ನೀರು ಅಲುಗಾಡುತ್ತಿತ್ತು.

"ಯಾಕ್ಲಾ ವಸಂತ?" ಎಂದ ವಿಶ್ವನಾಥ.

"ನಡೀರಿ, ಮನೇಲಿ ದೀಪ ನೋಡೋಕೆ ಹೊತ್ತಾಯ್ತು," ಎಂದು ವಸಂತ್ ಕ್ಯಾನು ಹೆಗಲಿಗೇರಿಸಿದ.

ಜನ ಹೊರಟುಹೋದರು. ಶ್ಯಾಮಣ್ಣ ಒಡ್ಡಿದ ಬೊಗಸೆಯನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದ. ಆಮೇಲೆ ಕೆರೆಯ ಮೆಟ್ಟಿಲಿಳಿದ. ಮಂಡಿಯಷ್ಟು ನೀರು ಬಂತು, ಸೊಂಟದಷ್ಟು ಬಂತು. ಎದೆಯ ಮಟ್ಟಕ್ಕೆ ಬಂದಾಗ ನಿಂತ. ಮುಂದೆ ನೀರಿನ ತುಂಬ ಸಣ್ಣ ಬಾತುಗಳು, ನೂರಾರು, ಒಂದೇ ಕಡೆಗೆ ಮುಖ ಮಾಡಿ ಕೂತಿದ್ದವು. ಈಗ ಹಾರುತ್ತವೆ, ಈಗ ಹಾರುತ್ತವೆ ಎಂದು ಕಾದ. ಮಡಕೆಯಿಲ್ಲದ ಬರಿದಲೆಯಲ್ಲಿ, ಕಣ್ಣು ಬಿಟ್ಟುಕೊಂಡು ನಿಂತ ಮನುಷ್ಯನನ್ನು ಕಂಡೂ ಒಂದೂ ಕದಲಲಿಲ್ಲ. ಗುಂಪು ಮೆಲ್ಲಗೆ ಬಿಚ್ಚಿ ಅವನಿಗೆ ಜಾಗ ಕೊಟ್ಟಿತು. ಮತ್ತೆ ಹಿಂದೆ ಕೂಡಿಕೊಂಡಿತು. ಒಂದು ಬಾತು ತೇಲಿಕೊಂಡು ಬಂದು ಅವನ ಹೆಗಲಿಗೆ ಒರಗಿ, ಕೊಕ್ಕನ್ನು ರೆಕ್ಕೆಯೊಳಗೆ ಹುದುಗಿಸಿ ನಿದ್ದೆಹೋಯಿತು.