ಎರಡು ಸಲ ಲೈಟು ಹೊಡೆದದ್ದು

ಶರಾವತಿ ಆ ಕಾಗದವನ್ನು ಮೂರನೆಯ ಸಲ ಓದಿದಳು. ಮೂರನೆಯ ಸಲವೂ ಅದು ಹೇಳಿದ್ದು ಅದನ್ನೇ. ಸ್ಕಾಟ್ಲೆಂಡಿನಲ್ಲಿ ಬಾಡಿಗೆಗೆ ಕಾರು ಕೊಟ್ಟಿದ್ದ ಕಂಪನಿಯವರು ಕಳಿಸಿದ ಮೇಲ್ ಅದು. ಮೊಬೈಲಿನಲ್ಲಿ ಓದಿದರೆ ನಂಬಿಕೆ ಬರಲಿಲ್ಲವೆಂದು ವಿನೋಬನಗರದ ಝೆರಾಕ್ಸ್ ಅಂಗಡಿಗೆ ಹೋಗಿ ಪ್ರಿಂಟ್ ತೆಗೆಸಿಕೊಂಡು ಬಂದಿದ್ದಳು. ಅಪಘಾತದ ಪೂರ್ತಿ ಹೊಣೆ ನಿಮ್ಮದು. ಎರಡು ಸಲ ಹೆಡ್‌ಲೈಟ್ ಹೊಡೆದೆನೆಂದು ನೀವೇ ಬರೆದುಕೊಟ್ಟಿದ್ದೀರಿ. ನಿಮ್ಮ ಸಾಕ್ಷಿಯೂ ಅದನ್ನೇ ಬರೆದಿದ್ದಾರೆ. ತಕರಾರಿದ್ದರೆ ಹದಿನಾಲ್ಕು ದಿನದೊಳಗೆ ತಿಳಿಸಿ.

"ಲೈಟ್ ಹೊಡೆದಿದ್ದೇ ತಪ್ಪಂತೆ ಕಣ್ರೀ!" ಎಂದು ಕಾಗದವನ್ನು ಊಟದ ಮೇಜಿನ ಮೇಲೆ ಬಡಿದಳು. "ಹೊಡೀದೆ ನುಗ್ಗಿದ್ರೆ ತಪ್ಪು ಅನ್ನಿ, ಒಪ್ತೀನಿ. ಹೊಡೆದವಳದ್ದೇ ತಪ್ಪು ಅಂದ್ರೆ ಇವರೇನು ಅನ್ನ ತಿಂತಾರೋ ಮಣ್ಣು ತಿಂತಾರೋ?"

"ಅಲ್ಲಿ ಹೆಚ್ಚಿಗೆ ಬ್ರೆಡ್ಡೇ ತಿಂತಾರೆ," ಎಂದ ಗಂಡ ತ್ರಿವಿಕ್ರಮ, ತಿದ್ದುತ್ತಿದ್ದ ಉತ್ತರಪತ್ರಿಕೆಯಿಂದ ತಲೆ ಎತ್ತದೆ. ಹೈಸ್ಕೂಲಿನ ಸಂಸ್ಕೃತ ಮೇಷ್ಟ್ರು ಅವನು. ಸೈಕಲ್ ಬಿಟ್ಟು ಬೇರೇನನ್ನೂ ಓಡಿಸಿದವನಲ್ಲ.

"ಆ ಸಾಕ್ಷಿ ಯಾರು ಗೊತ್ತಾ? ನೀವು!"

ತ್ರಿವಿಕ್ರಮ ಈಗ ತಲೆ ಎತ್ತಿದ. "ನಾನು ನಿನ್ನ ಪರವಾಗೇ ಬರೆದೆನಲ್ಲ ಶರೂ. ನನ್ನ ಹೆಂಡತಿ ಬಹಳ ಜಾಗರೂಕಳು, ಸೇತುವೆಗೆ ಬರುವ ಮೊದಲು ಎರಡು ಸಲ ಲೈಟು ಹೊಡೆದಳು ಅಂತ. ಎಣಿಸಿಕೊಂಡೇ ಬರೆದದ್ದು."

ಎಣಿಸಿಕೊಂಡು ಬೇರೆ! ಶರಾವತಿಗೆ ಮೈಯೆಲ್ಲ ಉರಿದುಹೋಯಿತು.

ಉರಿಯದೆ ಇನ್ನೇನು? ಇಪ್ಪತ್ತಾರು ವರ್ಷದಿಂದ ಶಿವಮೊಗ್ಗದ ಹೆಂಗಸರಿಗೆ ಕಾರು ಕಲಿಸುತ್ತಿರುವವಳು ಅವಳು. ಡಾಕ್ಟರಮ್ಮಂದಿರು, ಟೀಚರುಗಳು, ಅಡಿಕೆ ಮಂಡಿಯವರ ಸೊಸೆಯಂದಿರು, ಗಂಡ ಕಲಿಸಲು ಹೋಗಿ ಜಗಳವಾಗಿ ಅಳುತ್ತಾ ಬಂದವರು, ಎಲ್ಲರೂ ಅವಳ ಪಕ್ಕದಲ್ಲಿ ಕೂತು ಕ್ಲಚ್ ಬಿಡುವುದನ್ನು ಕಲಿತವರೇ. ಮನೆಯ ಮುಂದೆ ಅವಳ ಡ್ರೈವಿಂಗ್ ಸ್ಕೂಲಿನ ಹಳದಿ ಬೋರ್ಡು. ಅದರಲ್ಲಿ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಬರೆಸಿದ್ದು ಒಂದೇ ಸಾಲು: "26 ವರ್ಷ. ಆಕ್ಸಿಡೆಂಟ್ ಒಂದೂ ಇಲ್ಲ." ಪ್ರತಿ ಜನವರಿಯಲ್ಲಿ ಪೇಂಟರ್ ಯೋಗರಾಜ್ ಬಂದು ಅಂಕಿಯನ್ನು ಒಂದು ಹೆಚ್ಚಿಸಿ ಹೋಗುತ್ತಿದ್ದ. ಹೆಂಗಸರ ಡ್ರೈವಿಂಗ್ ಎಂದು ಮೂಗು ಮುರಿಯುವ ಗಂಡಸರಿಗೆಲ್ಲ ಆ ಬೋರ್ಡು ತೋರಿಸುತ್ತಿದ್ದಳು, ಅಷ್ಟಕ್ಕೇ ಅವರ ಬಾಯಿ ಬಂದ್. ಈಗ ಯಾವುದೋ ದೇಶದ ಯಾವನೋ ಗುಮಾಸ್ತ ಆ ಸಾಲನ್ನು ಅಳಿಸಲು ಹೊರಟಿದ್ದಾನೆ.

ಸ್ಕಾಟ್ಲೆಂಡಿನಲ್ಲಿ ನಡೆದದ್ದು ಇಷ್ಟು. ತ್ರಿವಿಕ್ರಮನನ್ನು ಒಂದು ಸಂಸ್ಕೃತ ಸಮ್ಮೇಳನಕ್ಕೆ ಪ್ರಬಂಧ ಓದಲು ಕರೆದಿದ್ದರು. ಶರಾವತಿಯೂ ಹೊರಟಳು. ಸಮ್ಮೇಳನ ಮುಗಿದ ಮೇಲೆ ಮೂರು ದಿನ ಊರು ನೋಡೋಣವೆಂದು ಅವಳೇ ಕಾರು ಹಿಡಿದಳು. ಅಲ್ಲಿಯೂ ನಮ್ಮ ಹಾಗೆ ಎಡಗಡೆಯೇ ಓಡಿಸುವುದು, ನಮ್ಮ ಲೈಸೆನ್ಸೂ ನಡೆಯುತ್ತದೆ, ಇನ್ನೇನು ಭಯ? ಎರಡು ದಿನ ಹೂವೆತ್ತಿದ ಹಾಗೆ ಓಡಿಸಿದಳು. ಮೂರನೆಯ ದಿನ ಗುಡ್ಡಗಳ ನಡುವೆ ಒಂದೇ ಗಾಡಿ ಹಿಡಿಸುವ ರಸ್ತೆ, ಅದರಲ್ಲೊಂದು ಕಿರಿದಾದ ಸೇತುವೆ. ಆಚೆಯ ತುದಿಯಲ್ಲಿ ಒಂದು ಹಸಿರು ಕಾರು. ಶರಾವತಿ ಪಟಪಟನೆ ಎರಡು ಸಲ ಲೈಟು ಹೊಡೆದಳು. ಹೊಡೆಯಲೇಬೇಕಲ್ಲ, ನಾನು ಬರುತ್ತಿದ್ದೇನೆ, ನೀನು ಅಲ್ಲೇ ಇರು ಎಂದು. ಹೊಡೆದು ಸೇತುವೆಗೆ ಇಳಿದಳು.

ಆಚೆಯ ಕಾರಿನ ಮುದುಕ ಸ್ಟೀರಿಂಗಿನ ಮೇಲಿಂದ ಒಂದು ಕೈ ಎತ್ತಿದ. ನಿಲ್ಲು ಅಂತ ನನಗೇ ಕೈ ತೋರಿಸುತ್ತಾನಲ್ಲ, ಏನು ಸೊಕ್ಕು ಇವನಿಗೆ ಎಂದು ಶರಾವತಿ ಅಂದುಕೊಳ್ಳುವಷ್ಟರಲ್ಲಿ ಅವನು ಬಂದೇಬಿಟ್ಟ. ಇಬ್ಬರೂ ಬ್ರೇಕ್ ಒತ್ತಿದರು. ಸೇತುವೆಯ ನಟ್ಟನಡುವೆ ಬಂಪರಿಗೆ ಬಂಪರ್ ತಾಗಿತು. ಯಾರಿಗೂ ಏನೂ ಆಗಲಿಲ್ಲ. ಶರಾವತಿಯ ಕಾರಿನ ಒಂದು ಹೆಡ್‌ಲೈಟ್ ಒಡೆಯಿತು.

ಶಿವಮೊಗ್ಗದ ಗೋಪಿ ಸರ್ಕಲ್ಲಿನಲ್ಲಾಗಿದ್ದರೆ ಅಷ್ಟರಲ್ಲಿ ಹತ್ತು ಜನ ಸೇರಿ, ಇಬ್ಬರಿಗೂ ಬೈದು, ತೀರ್ಪೂ ಕೊಟ್ಟು ಮುಗಿಸಿರುತ್ತಿದ್ದರು. ಅಲ್ಲಿ ಇದ್ದದ್ದು ಬರೀ ಕುರಿಗಳು. ಆದರೂ ಅಭ್ಯಾಸಬಲ, ಶರಾವತಿ ಕೆಳಗಿಳಿದವಳೇ ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ನಿಂತಳು.

"ನೀವು ಲೈಟ್ ಹೊಡೆದಿರಿ," ಎಂದ ಮುದುಕ ಇಂಗ್ಲಿಷಿನಲ್ಲಿ, ಮೆತ್ತಗೆ.

"ಹೊಡೆದೆ! ಒಂದಲ್ಲ, ಎರಡು ಸಲ ಹೊಡೆದೆ!"

"ಹೌದು, ಎರಡು ಸಲ. ಅದಕ್ಕೇ ನಾನು ಬಂದೆ."

"ಅದಕ್ಕೇ ನೀವು ಬರಬಾರದಿತ್ತು!"

ಮುದುಕ ಅವಳ ಮುಖವನ್ನೇ ನೋಡಿದ. ಆಮೇಲೆ ತನ್ನ ಕಾರಿನ ಡಿಕ್ಕಿಯಿಂದ ಫ್ಲಾಸ್ಕ್ ತೆಗೆದು ಇಬ್ಬರಿಗೂ ಟೀ ಬಗ್ಗಿಸಿಕೊಟ್ಟ. ತಪ್ಪು ಮಾಡಿದವನು ಟೀ ಕೊಟ್ಟು ಸರಿಮಾಡಿಕೊಳ್ಳಲು ನೋಡುತ್ತಿದ್ದಾನೆ ಎಂದು ಶರಾವತಿಗೆ ಅನಿಸಿತು. ಚಳಿಯಿತ್ತೆಂದು ಕುಡಿದಳು, ಅಷ್ಟೇ. ಕಾರಿನ ಬಾನೆಟ್ಟಿನ ಮೇಲೆ ಫಾರಂ ಇಟ್ಟು ಮೂವರೂ ನಡೆದದ್ದನ್ನು ಬರೆದರು. ಮೂವರೂ ಬರೆದದ್ದು ಒಂದೇ.

ಕಾಗದ ಓದಿದ ದಿನವೇ ಸಂಜೆ ಶರಾವತಿಯ ತಮ್ಮ ವಿಷ್ಣುಪ್ರಸಾದ ಬಂದ. ಶಿವಮೊಗ್ಗದ ಕೋರ್ಟಿನಲ್ಲಿ ವಕೀಲ. ಕಾಗದ ಓದಿ, ಮೊಬೈಲಿನಲ್ಲಿ ಏನನ್ನೋ ಹುಡುಕಿ, ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಯ್ಯೋ ಅಕ್ಕ, ಆ ಕಡೆ ಲೈಟ್ ಹೊಡೆದ್ರೆ 'ನೀವು ಬನ್ನಿ, ನಾನು ನಿಲ್ತೀನಿ' ಅಂತ ಅರ್ಥ ಅಂತೆ. ನೀನು ಆ ಮುದುಕನ್ನ ಎರಡೆರಡು ಸಲ ಕರೆದು, ಬಂದಮೇಲೆ ಗುದ್ದಿದೀಯ!"

"ಯಾವ ಮುಠ್ಠಾಳ ಮಾಡಿದ ಅರ್ಥ ಅದು? ಲೈಟ್ ಹೊಡೆಯೋದು ಬಾ ಅಂತಾನಾ? ಹಂಗಾದ್ರೆ ಬರಬೇಡ ಅನ್ನೋಕೆ ಏನು ಹೊಡೀಬೇಕಂತೆ?"

"ಏನೂ ಹೊಡೆಯೋದು ಬೇಡ್ವಂತೆ. ಮೊದಲು ಬಂದವರಿಗೆ ದಾರಿ ಬಿಟ್ಟು ನಿಂತ್ಕೊಂಡ್ರೆ ಆಯ್ತಂತೆ."

ದಾರಿ ಬಿಟ್ಟು ನಿಲ್ಲಬೇಕಂತೆ! ಬಿ.ಎಚ್. ರಸ್ತೆಯಲ್ಲಿ ಹಾಗೆ ನಿಂತವಳು ಮನೆ ಸೇರುವುದು ಯಾವಾಗ? ಶರಾವತಿ ಅರ್ಧ ಗಂಟೆ ಕೂಗಾಡಿದಳು. ವಿಷ್ಣುಪ್ರಸಾದ ಕೂಗಾಟ ಮುಗಿಯುವವರೆಗೆ ಚಕ್ಕುಲಿ ತಿಂದು, ಆಮೇಲೆ ವಕೀಲನ ದನಿಯಲ್ಲಿ ದಾರಿ ಹೇಳಿಕೊಟ್ಟ. ಗಾಬರಿಯಲ್ಲಿ ಏನೋ ಬರೆದೆ ಎಂದು ಅಕ್ಕ ಹೇಳಲಿ. ಆದರೆ ಮುಖ್ಯವಾಗಿ ತಿರುಗಬೇಕಾದದ್ದು ಭಾವ. ಲೈಟು ಹೊಡೆದದ್ದನ್ನು ನಾನು ಕಣ್ಣಾರೆ ನೋಡಲಿಲ್ಲ, ಹೆಂಡತಿ ಹೇಳಿದ್ದನ್ನು ಕೇಳಿ ಬರೆದೆ ಎಂದು ಭಾವ ಒಂದು ಸಾಲು ಬರೆದುಕೊಟ್ಟರೆ ಆ ಮುದುಕನ ಮಾತು ಒಂದೇ ಉಳಿಯುತ್ತದೆ, ತೀರ್ಪು ಬಿದ್ದುಹೋಗುತ್ತದೆ.

"ಇಲ್ಲಿ ಯಾರಿಗೂ ಗೊತ್ತಿಲ್ಲ, ಗೊತ್ತಾಗೋದೂ ಬೇಡ. ಬೋರ್ಡು ಬೋರ್ಡಿನ ಹಾಗೇ ಇರುತ್ತೆ," ಎಂದ.

ಶರಾವತಿ ಗಂಡನ ಮುಖ ನೋಡಿದಳು. ಈ ಮನುಷ್ಯ ಒಮ್ಮೆ ಪ್ರಶ್ನೆಪತ್ರಿಕೆಯಲ್ಲಿ ತಾನೇ ಮಾಡಿದ ಒಂದು ಅಕ್ಷರದ ತಪ್ಪಿಗೆ ಮುನ್ನೂರು ಮಕ್ಕಳ ಮುಂದೆ ಪ್ರಾರ್ಥನೆಯ ಹೊತ್ತಿನಲ್ಲಿ ನಿಂತು ಕ್ಷಮೆ ಕೇಳಿದವನು. ಖಂಡಿತ ಆಗುವುದಿಲ್ಲ ಎನ್ನುತ್ತಾನೆ, ಆಗ ಅವನಿಗೂ ನಾಲ್ಕು ಬೈಯಬಹುದು ಎಂದುಕೊಂಡಿದ್ದಳು.

"ಆಯ್ತು, ಬರೆದುಕೊಡ್ತೀನಿ," ಎಂದ ತ್ರಿವಿಕ್ರಮ.

ಬೈಯಲು ಏನೂ ಸಿಗಲಿಲ್ಲ. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಏಳಕ್ಕೆ ಚಿನ್ನಮ್ಮನ ಕ್ಲಾಸು. ಭದ್ರಾವತಿಯ ಚಿನ್ನಮ್ಮನಿಗೆ ಐವತ್ತೆರಡು ವರ್ಷ. ಮಾಚೇನಹಳ್ಳಿಯ ಫ್ಯಾಕ್ಟರಿಯೊಂದಕ್ಕೆ ಊಟ ತಿಂಡಿ ಒದಗಿಸುತ್ತಾಳೆ. ಪಾತ್ರೆಗಳನ್ನು ಸಾಗಿಸಲು ಒಂದು ಹಳೇ ಓಮ್ನಿ ಕೊಂಡಿದ್ದಾಳೆ, ಅದನ್ನು ತಾನೇ ಓಡಿಸಬೇಕೆಂದು ಹಟ. ಮನೆಯಲ್ಲಿ ತಮಿಳು, ಹೊರಗೆ ಕನ್ನಡ, ಸ್ಟೀರಿಂಗ್ ಹಿಡಿದಾಗ ಎರಡೂ ಸೇರಿ ಮುರುಗನ ಜಪ. ಮಾಚೇನಹಳ್ಳಿಯ ಒಳರಸ್ತೆಯಲ್ಲಿ ಅದು ಅವಳಿಗೆ ಐದನೆಯ ದಿನ. ಶರಾವತಿ ಪಕ್ಕದ ಸೀಟಿನಲ್ಲಿ, ಕಾಲಡಿ ಇನ್ನೊಂದು ಬ್ರೇಕ್ ಇಟ್ಟುಕೊಂಡು, ರಾತ್ರಿಯ ಸಿಟ್ಟನ್ನೇ ಮೆಲುಕು ಹಾಕುತ್ತಾ ಕೂತಿದ್ದಳು.

ಮುಂದೆ ಒಂದು ಮೋರಿ, ಒಂದೇ ಗಾಡಿ ಹೋಗುವಷ್ಟು ಅಗಲ. ಆಚೆಯಿಂದ ಒಂದು ಲಾರಿ ಬರುತ್ತಿತ್ತು. ಲಾರಿಯವನು ಪಟಪಟನೆ ಲೈಟು ಹೊಡೆದ. ಚಿನ್ನಮ್ಮನ ಮುಖ ಅರಳಿತು. ಅವಳು ಆರಾಮಾಗಿ ಮೋರಿಯ ಮೇಲೆ ಕಾರು ನುಗ್ಗಿಸಿದಳು.

ಶರಾವತಿ ಬ್ರೇಕ್ ತುಳಿದ ರಭಸಕ್ಕೆ ಇಬ್ಬರ ಹಣೆಯೂ ಮುಂದಕ್ಕೆ ಬಂತು. ಲಾರಿ ಕೂಗಿಕೊಳ್ಳುತ್ತಾ ಎರಡು ಮಾರು ದೂರದಲ್ಲಿ ನಿಂತಿತು. ಕ್ಲೀನರ್ ತಲೆ ಹೊರಹಾಕಿ, ಹೆಂಗಸರು ಮನೆಯಲ್ಲಿರಬೇಕು ಎಂಬರ್ಥದ ಮಾತು ಎರಡು ಆಡಿದ. ಶರಾವತಿ ಅವನಿಗೆ ನಾಲ್ಕು ಆಡಿ, ಕಾರನ್ನು ಹಿಂದಕ್ಕೆ ತೆಗೆಸಿ, ಚಿನ್ನಮ್ಮನ ಕಡೆ ತಿರುಗಿದಳು.

"ಏನಮ್ಮಾ ಚಿನ್ನಮ್ಮ, ಕಣ್ಣು ಕಾಣ್ಸಲ್ವಾ? ಅವನು ಅಷ್ಟು ಲೈಟ್ ಹೊಡೀತಿದಾನೆ, ನೀನು ನುಗ್ತೀಯಲ್ಲ!"

"ಲೈಟ್ ಹೊಡೆದ್ರಲ್ಲ ಮೇಡಂ, ಅದಕ್ಕೇ ಹೋದೆ."

"ಲೈಟ್ ಹೊಡೆದ್ರೆ ಹೋಗು ಅಂತ ಯಾರು ಹೇಳಿಕೊಟ್ಟಿದ್ದು ನಿಂಗೆ?"

"ಯಾರೂ ಇಲ್ಲ." ಚಿನ್ನಮ್ಮನ ಕಣ್ಣಲ್ಲಿ ನೀರು. "ಕತ್ತಲಲ್ಲಿ ಮನೆಗೆ ಯಾರಾದ್ರೂ ಬಂದ್ರೆ ನಾವು ಹೊರಗಡೆ ಲೈಟ್ ಹಾಕಲ್ವಾ ಮೇಡಂ? ಬನ್ನಿ ಅಂತ ತಾನೆ ಹಾಕೋದು? ಬರಬೇಡ ಅನ್ನೋರು ಆರಿಸ್ತಾರಪ್ಪ."

ಮುಠ್ಠಾಳ ಮಾಡಿದ ಅರ್ಥ ಎಂದು ಶರಾವತಿ ನಿನ್ನೆ ತಾನೇ ಕೂಗಾಡಿದ್ದಳು. ಇಲ್ಲಿ ನೋಡಿದರೆ ಭದ್ರಾವತಿಯ ಚಿನ್ನಮ್ಮ, ಯಾರೂ ಹೇಳಿಕೊಡದೆ, ಅದೇ ಅರ್ಥ ಹೇಳುತ್ತಿದ್ದಾಳೆ. ಲೈಟು ಹೊಡೆದು ನುಗ್ಗಬೇಕು, ಎದುರಿನವನು ಹೊಡೆದರೆ ಹೆದರಿ ನಿಲ್ಲಬೇಕು ಎಂದು ಇವಳಿಗೆ ಕಲಿಸಬೇಕಾದವಳು ತಾನು. ಇಪ್ಪತ್ತಾರು ವರ್ಷದಿಂದ ಸಾವಿರಾರು ಜನಕ್ಕೆ ಕಲಿಸಿದ್ದೂ ಅದನ್ನೇ. ಸೇತುವೆಯ ಆಚೆ ಆ ಮುದುಕ ಮೊದಲೇ ಬಂದಿದ್ದ ಎನ್ನುವುದು ಅವಳಿಗೆ ಈಗ ನೆನಪಾಯಿತು. ಆ ಸಂಗತಿಯನ್ನು ಫಾರಂನಲ್ಲಿ ಬರೆದಿರಲೇ ಇಲ್ಲ.

"ಅಳಬೇಡ ಮಾರಾಯ್ತಿ, ತಪ್ಪು ನಿಂದಲ್ಲ," ಎಂದಳು. ಹೇಳಿದ ಮೇಲೆ ಆ ಮಾತು ಬೇರೆ ಯಾರಿಗೋ ಸಲ್ಲಬೇಕಾದದ್ದು ಎನಿಸಿತು.

ಮನೆಗೆ ಬಂದಾಗ ತ್ರಿವಿಕ್ರಮ ಮೇಜಿನ ಮುಂದೆ ಕೂತಿದ್ದ. ಸುತ್ತ ಐದಾರು ಹಾಳೆ ಹರಿದು ಬಿದ್ದಿದ್ದವು. ಸ್ಕೂಲಿಗೆ ಹೊರಡುವ ಹೊತ್ತು ಮೀರಿತ್ತು. ಇನ್ನೂ ಸ್ನಾನವೂ ಆಗಿರಲಿಲ್ಲ.

"'ನೋಡಲಿಲ್ಲ' ಅಂತ ಬರೆಯೋಕೆ ಕೈ ಬರ್ಲಿಲ್ಲ ಶರೂ," ಎಂದ. "'ನೆನಪಿಲ್ಲ' ಅಂತ ಬರೆದಿದೀನಿ, ನೋಡು. ಅದು ಪೂರಾ ಸುಳ್ಳಲ್ಲ. ಇನ್ನು ಹತ್ತು ವರ್ಷಕ್ಕೆ ನಿಜವಾಗಿಯೂ ಮರೆತಿರ್ತೀನಿ."

ಅವಳು ಹಾಳೆ ತೆಗೆದುಕೊಂಡು ನೋಡಿದಳು. ಕರಿಹಲಗೆಯ ಮೇಲೆ ಮುತ್ತು ಪೋಣಿಸಿದ ಹಾಗೆ ಬರೆಯುವವನ ಅಕ್ಷರ, ಸೊಟ್ಟಸೊಟ್ಟಗೆ ಸಾಲು ಬಿಟ್ಟು ಹೋಗಿತ್ತು. ಅವಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮುದುಕನ ಮೇಲಲ್ಲ, ಕಂಪನಿಯ ಮೇಲಲ್ಲ, ಒಂದು ಬೋರ್ಡಿಗೋಸ್ಕರ ಈ ಮನುಷ್ಯನ ಕೈಯನ್ನು ಹೀಗೆ ಮಾಡಿದ ತನ್ನ ಮೇಲೆ.

"ಯಾರು ಹೇಳಿದ್ದು ನಿಮಗೆ ಬರೆಯೋಕೆ?" ಎಂದು ಗದರಿದಳು.

"ನೀನೇ ಅಲ್ವಾ?"

"ನಾನು ಹೇಳಿದ್ರೆ ಬರೆದುಬಿಡೋದಾ? ಬಾವಿಗೆ ಬೀಳಿ ಅಂದ್ರೆ ಬೀಳ್ತೀರಾ?" ಹಾಳೆಯನ್ನು ನಾಲ್ಕು ಚೂರು ಮಾಡಿದಳು. "ಮೊದಲು ಬರೆದದ್ದೇ ಇರಲಿ. ನಾನು ಅವರಿಗೆ ಬರೀತೀನಿ, ತೀರ್ಪು ಸರಿಯಾಗಿದೆ ಅಂತ. ಆ ಅಜ್ಜನಿಗೂ ಎರಡು ಸಾಲು ಬರೀತೀನಿ. ಹೋಗಿ ಸ್ನಾನ ಮಾಡಿ, ಸ್ಕೂಲಿಗೆ ಲೇಟಾಯ್ತು."

ತ್ರಿವಿಕ್ರಮ ಎದ್ದ. ಬಚ್ಚಲಿನಿಂದ ಅವನು ಶ್ಲೋಕ ಹೇಳುವುದು ಆ ದಿನ ಬೀದಿಗೆಲ್ಲ ಕೇಳಿಸಿತು.

ಭಾನುವಾರ ಯೋಗರಾಜ್ ಏಣಿ, ಡಬ್ಬಿ ಹಿಡಿದು ಬಂದ. ಏನು ಬರೆಯಬೇಕೆಂದು ಶರಾವತಿ ಹೇಳಿದ್ದನ್ನು ಕೇಳಿ ಬೆಪ್ಪಾಗಿ ನಿಂತ.

"ಮೇಡಂ, ಯಾರಾದ್ರೂ ಬೋರ್ಡಲ್ಲಿ ಇದನ್ನ ಬರೆಸ್ತಾರಾ?"

"ನೀನು ಬರಿ ಮಾರಾಯ. ಓದೋರು ಓದ್ಕೊಳ್ಳಲಿ."

ಹೆಚ್ಚಿನ ಕೆಲಸವೇನೂ ಇರಲಿಲ್ಲ. 'ಇಲ್ಲ' ಅಳಿಸಿದ, 'ಒಂದೂ' ಎಂಬುದರ ಕೊಂಬು ತೆಗೆದು 'ಒಂದೇ' ಮಾಡಿದ. "26 ವರ್ಷ. ಆಕ್ಸಿಡೆಂಟ್ ಒಂದೇ." ಕೆಳಗೆ ನಿಂತು ನೋಡುತ್ತಿದ್ದ ತ್ರಿವಿಕ್ರಮ, ಅಕ್ಷರ ತಪ್ಪಿಲ್ಲ ಎಂದ. ವಿಷ್ಣುಪ್ರಸಾದ ಫೋನು ಮಾಡಿ, ತಲೆ ಕೆಟ್ಟಿದೆಯಾ ಅಕ್ಕ ಎಂದು ಕೂಗಾಡಿದ. ಕೂಗಾಟ ಮುಗಿಯುವವರೆಗೆ ಶರಾವತಿ ಚಕ್ಕುಲಿ ತಿಂದಳು.

ಮರುದಿನ ಮತ್ತೆ ಮಾಚೇನಹಳ್ಳಿ, ಮತ್ತೆ ಅದೇ ಮೋರಿ. ಆಚೆಯಿಂದ ಕಬ್ಬಿಣದ ಸರಳು ಹೇರಿಕೊಂಡ ಒಂದು ಟೆಂಪೋ ಮೊದಲೇ ಬಂದಿತ್ತು.

"ನಾನು ಲೈಟ್ ಹೊಡೀಲಾ ಮೇಡಂ?" ಎಂದಳು ಚಿನ್ನಮ್ಮ.

"ಬೇಡ. ಪಕ್ಕಕ್ಕೆ ನಿಲ್ಸು. ಕೈ ಬೀಸಿ ಕರಿ, ಬಾ ಅಂತ."

ಚಿನ್ನಮ್ಮ ನಿಲ್ಲಿಸಿ ಕೈ ಬೀಸಿದಳು. ಟೆಂಪೋದವನು ಹಿಂದೆ ಮುಂದೆ ನೋಡಿದ. ಅವನೂ ನಿಂತ. ಅನುಮಾನದಿಂದ ಇವರನ್ನು ದಿಟ್ಟಿಸಿದ. ಆಮೇಲೆ ತಲೆ ಹೊರಹಾಕಿ ಕೂಗಿದ, "ಏನಮ್ಮಾ, ಗಾಡಿ ಕೆಟ್ಟೋಗಿದ್ಯಾ? ತಳ್ಳಬೇಕಾ?"

ಶರಾವತಿಗೆ ಪಿತ್ತ ನೆತ್ತಿಗೇರಿತು. ಅರ್ಧ ಮೈ ಕಿಟಕಿಯಿಂದ ಹೊರಗೆ ಬಂತು. "ಗಾಡಿ ಚೆನ್ನಾಗಿದೆ ಕಣಯ್ಯಾ! ನಿಂಗೆ ದಾರಿ ಬಿಟ್ಟಿದೀವಿ! ಬಾ ಅಂದ್ರೆ ಬರೋಕೆ ಏನು ರೋಗ?"

ಟೆಂಪೋ ಹೆದರಿ ಹೆದರಿ ಮೋರಿ ದಾಟಿತು. ಇವರ ಪಕ್ಕಕ್ಕೆ ಬಂದಾಗ ಆ ಡ್ರೈವರ್ ಸ್ಟೀರಿಂಗಿನ ಮೇಲಿಂದ ಒಂದು ಕೈಯನ್ನು ಸ್ವಲ್ಪವೇ ಎತ್ತಿ, ಐದು ಬೆರಳು ಬಿಡಿಸಿ ತೋರಿಸಿ ಹೋದ.

ಶರಾವತಿ ಆ ಕೈಯನ್ನು ಹಿಂದೆಯೂ ಒಮ್ಮೆ ನೋಡಿದ್ದಳು. ಅದು 'ನಿಲ್ಲು' ಅಂತಲ್ಲ, 'ನಿಮ್ಮಿಂದ ಉಪಕಾರವಾಯ್ತು' ಅಂತ ಎನ್ನುವುದು ಅವಳಿಗೆ ಈಗ ಗೊತ್ತಾಯಿತು.

"ಹೋಗೋಣ್ವಾ ಮೇಡಂ?" ಎಂದಳು ಚಿನ್ನಮ್ಮ.

"ಒಂದು ನಿಮಿಷ ಇರು," ಎಂದು ಶರಾವತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.