ಮಂದೆ ಕರೆಯುವ ದನಿ

ಹೇಳಿಬಿಡಲೇ? ಹೇಳಿದರೆ ಪ್ರದೀಪ ಮೊದಲು ನಗುತ್ತಾನೆ, ಆಮೇಲೆ ಯಾಕೆ ಅಂತ ಕೇಳುತ್ತಾನೆ. ಯಾಕೆ ಅಂತ ಹೇಳಿದರೆ ಹಾಡು ಹೋಯಿತು. ಆ ಹಾಡು ಹೋದರೆ ಆಲ್ಬಮ್ಮಿನಲ್ಲಿ ಉಳಿಯುವುದೇನು? ಅಷ್ಟಕ್ಕೂ ಈ ಹೊತ್ತಿನಲ್ಲಿ ಮಂದೆ ರಸ್ತೆ ಕಡೆಗೆ ಬಂದಿರಲಿಕ್ಕಿಲ್ಲ. ಬಂದಿದ್ದರೆ?

ಮುತ್ತುರಾಜ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ತನ್ನ ಡ್ರಮ್ಮುಗಳ ಹಿಂದೆ ಕೂತಿದ್ದ. ಮೊಳಕಾಲ್ಮೂರಿನಿಂದ ಹೊರಟವರು ರಾಂಪುರಕ್ಕೆ ಹೋಗಿ ಸಂಜೆ ಅಲ್ಲಿ ಬಾರಿಸುವವರಿದ್ದರು. ದಾರಿಯುದ್ದಕ್ಕೂ ಹಾಡು ಹಾಕಿಕೊಂಡು ಹೋಗೋಣ, ಜನ ತಾವಾಗಿ ಹಿಂದೆ ಬರ್ತಾರೆ ಅನ್ನುವುದು ಪ್ರದೀಪನ ಉಪಾಯ. ಗಿಟಾರೂ ಅವನದೇ, ಹಾಡುವುದೂ ಅವನೇ. ಟ್ರ್ಯಾಕ್ಟರಿನ ಕಾಮಣ್ಣ ಮದುವೆಗೆ ಬಾಡಿಗೆ ಕೊಡುವ ದೊಡ್ಡ ಸ್ಪೀಕರುಗಳನ್ನು ಟ್ರೇಲರಿಗೆ ಬಿಗಿದಿದ್ದ.

ಬ್ಯಾಂಡಿನ ಹೆಸರು ‘ಜಾಲಿಮುಳ್ಳು’, ಮೊದಲ ಆಲ್ಬಮ್ಮಿನ ಹೆಸರು ‘ಓಡ್ಲೇ’. ಅದನ್ನು ಮಾಡಿದ್ದು ಬೇಸ್ ಬಾರಿಸುವ ವೀಣಾಳ ಮನೆಯ ಮಗ್ಗದ ಕೋಣೆಯಲ್ಲಿ, ಹಬ್ಬಕ್ಕೆ ಮಗ್ಗ ನಿಂತಿದ್ದಾಗ. ಸದ್ದು ಹೊರಗೆ ಹೋಗದ ಹಾಗೆ ಚಳ್ಳಕೆರೆಯಿಂದ ಕುರಿ ಕಂಬಳಿ ತಂದು ಗೋಡೆಗೆಲ್ಲ ಹೊಡೆದಿದ್ದರು. ಆ ಬಿಸಿಲಿನಲ್ಲಿ ಕಂಬಳಿಯ ಕೋಣೆ ಅಂದರೆ ಬೇಯುವ ಗಡಿಗೆ. ಆ ಬೇಗೆಯೇ ಹಾಡಿಗೂ ಇಳಿದಿತ್ತು. ಒಂದು ಹಾಡೂ ನಡೆಯುತ್ತಿರಲಿಲ್ಲ, ಎಲ್ಲವೂ ಓಡುತ್ತಿದ್ದವು.

ಮೂರನೆಯ ಹಾಡಿಗೆ, ಡ್ರಮ್ ಶುರುವಾಗುವ ಮುಂಚೆ, ಒಂದು ಕೂಗು ಬೇಕು ಅಂದಿದ್ದ ಪ್ರದೀಪ. ಅವನು ಕೂಗಿದ್ದು ಬಸ್ ಕಂಡಕ್ಟರನ ಹಾಗಿದೆ ಎಂದು ವೀಣಾ ನಕ್ಕಿದ್ದಳು. ಮುತ್ತುರಾಜ ಕಣ್ಣು ಮುಚ್ಚಿ ಬಾಯಿ ತೆರೆದ. ಗಂಟಲಿನ ತಳದಿಂದ ಎದ್ದು, ಮೇಲೇರಿ, ತುದಿಯಲ್ಲಿ ಒಡೆಯುವ ಒಂದು ಕೂಗು ತಾನಾಗಿ ಹೊರಬಂತು. ಎಲ್ಲಿ ಬಚ್ಚಿಟ್ಟಿದ್ದೆ ಇದನ್ನ ಎಂದು ಪ್ರದೀಪ ತಬ್ಬಿಕೊಂಡ. ಹಂಗೇ ಬಂತು ಅಂದುಬಿಟ್ಟ ಮುತ್ತುರಾಜ.

ಹಂಗೇ ಬಂದದ್ದಲ್ಲ. ಅವನ ತಾಯಿಯ ಕಡೆಯವರು ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳು. ದೇವರಿಗೆ ಬಿಟ್ಟ ಆ ಮಂದೆಯನ್ನು ಯಾರೂ ಹೂಡುವುದಿಲ್ಲ, ಮಾರುವುದಿಲ್ಲ. ಕಿಲಾರಿ ಅದರ ಜೊತೆಗೇ ಬದುಕುತ್ತಾನೆ. ಚದುರಿದ ಎತ್ತುಗಳನ್ನು ಮುಳ್ಳುಬೇಲಿಯ ರೊಪ್ಪಕ್ಕೆ ಕರೆಯುವ ಕೂಗನ್ನು ಅವನೊಬ್ಬನೇ ಕೂಗಬೇಕು. ಆಟಕ್ಕೆ ಅಣಕಿಸಿದ ಮಕ್ಕಳಿಗೆ ಏಟು ಬೀಳುತ್ತಿತ್ತು. ಎತ್ತು ಆ ಕೂಗು ಕೇಳಿದ ಕಡೆಗೆ ನಡೆದುಬಿಡುತ್ತದೆ, ಮುಂದೆ ಬಾವಿ ಇದ್ದರೂ ನೋಡುವುದಿಲ್ಲ. ತಾತನ ಹೆಗಲ ಮೇಲೆ ಕೂತು ಬೆಳೆದ ಮುತ್ತುರಾಜನಿಗೆ ತಾತನ ಕೂಗು ಹಾಗೇ ಗಂಟಲಿಗೆ ಇಳಿದಿತ್ತು. ತಾತ ತೀರಿಕೊಂಡ ಮೇಲೆ ಅವನ ಮಗ, ಮುತ್ತುರಾಜನ ಮಾವ ಓಬಯ್ಯ ಕಿಲಾರಿಯಾದ. ಅವನ ಕೂಗು ತುದಿಯಲ್ಲಿ ಒಡೆಯುತ್ತಿರಲಿಲ್ಲ.

ಸ್ಪೀಕರಿಗೆ ಸಿಕ್ಕಿಸಿದ್ದ ಪ್ರದೀಪನ ಫೋನಿನಲ್ಲಿ ಎರಡನೆಯ ಹಾಡು ಮುಗಿಯುತ್ತಾ ಬಂದಿತ್ತು.

“ಮುಂದಿಂದು ಬಿಟ್ಟು ನಾಲ್ಕನೇದು ಹಾಕೋ,” ಎಂದ ಮುತ್ತುರಾಜ.

“ಯಾಕೆ?” ಎಂದ ಪ್ರದೀಪ.

“ಬ್ಯಾಡ ಅಷ್ಟೇ.”

“ಜನ ಕೇಳೋದೇ ಅದೊಂದನ್ನ. ನಿನ್ನ ದನಿಗೆ ನೀನೇ ಹೆದರ್ತೀಯೇನಲೇ?”

ಟ್ರ್ಯಾಕ್ಟರು ತಿರುವು ದಾಟಿತು. ಎಡಕ್ಕೆ ಬಯಲು ತೆರೆದುಕೊಂಡಿತು. ಅದರ ತುಂಬ ಎತ್ತುಗಳಿದ್ದವು.

ಅವನು ಫೋನಿನ ಕಡೆಗೆ ಕೈ ಚಾಚುವಷ್ಟರಲ್ಲಿ ಸ್ಪೀಕರು ಕೂಗಿತು.

ಎತ್ತುಗಳು ಮೇಯುವುದನ್ನು ಬಿಟ್ಟು ತಲೆಯೆತ್ತಿದವು. ಒಂದು ಗಳಿಗೆ ಅಷ್ಟೇ. ಆಮೇಲೆ ಇಡೀ ಬಯಲೇ ಕದಲಿದ ಹಾಗೆ ರಸ್ತೆಗೆ ನುಗ್ಗಿದವು. ಹಿಂದಿನಿಂದ ಓಬಯ್ಯ ಬರಿಗಾಲಲ್ಲಿ ಓಡುತ್ತಾ ಕೂಗುತ್ತಿದ್ದ. ಒಂದೂ ತಿರುಗಲಿಲ್ಲ. ಬಳ್ಳಾರಿ ಕಡೆಯಿಂದ ಬಂದ ಲಾರಿಯೊಂದು ಬ್ರೇಕು ಕಿರುಚಿಸಿ, ಅಡ್ಡಡ್ಡ ಜಾರಿ, ಮುಂದಾಳು ಎತ್ತಿನ ಮೂತಿಗೆ ಗೇಣು ದೂರದಲ್ಲಿ ನಿಂತಿತು. ಕಾಮಣ್ಣ ಎಂಜಿನ್ನು ಆರಿಸಿದ. ಪ್ರದೀಪ ಹಾಡು ನಿಲ್ಲಿಸಿದ. ಸ್ಪೀಕರುಗಳ ಸುತ್ತ ಎತ್ತುಗಳು ಬುಸುಗುಡುತ್ತಾ ನಿಂತವು, ಇನ್ನೇನೋ ಕೇಳುವುದಿದೆ ಎನ್ನುವಂತೆ.

ಓಬಯ್ಯ ಬಂದು ಮುಂದಾಳಿನ ಕೊರಳು ಹಿಡಿದ. ಬೈಯುತ್ತಾನೆ, ಕೋಲಿನಿಂದ ಬಾರಿಸುತ್ತಾನೆ ಎಂದು ಮುತ್ತುರಾಜ ಕಾದ. ಮಾವನ ಮುಖದಲ್ಲಿ ಸಿಟ್ಟಿರಲಿಲ್ಲ. ತುಟಿ ಒಣಗಿತ್ತು.

“ಕೇಳಿದೇನೋ ಅಳಿಯ? ಅಪ್ಪ ಕರೆದ.”

“ಅದು ಹಾಡು, ಯಜಮಾನ್ರೇ,” ಎಂದ ಪ್ರದೀಪ. “ನಮ್ಮ…” ಎಂದು ಮುತ್ತುರಾಜನ ಕಡೆ ನೋಡಿದ. ವೀಣಾಳೂ ನೋಡಿದಳು. ಮುತ್ತುರಾಜ ಎತ್ತಿನ ಗೊರಸುಗಳನ್ನು ನೋಡುತ್ತಿದ್ದ.

“ಹಾಡು ನಿಮ್ದಿರಬೌದಪ್ಪ. ಡಬ್ಬದ ದನಿಗೆ ಎತ್ತು ಬರಲ್ಲ. ನಾನು ಕೂಗ್ತಾ ಇದ್ದೆ, ಒಂದಾದ್ರೂ ತಿರುಗ್ತಾ? ಮಂದೇನ ಕರೆದಾಯ್ತು. ಇನ್ನು ನನ್ನ ಕರೀತಾನೆ.”

ಈಗ ಹೇಳಬೇಕು ಅನ್ನಿಸಿತು. ಮಾವ, ಅದು ನಾನು. ಮೂರೇ ಮಾತು. ಹೇಳಿದರೆ ಹಟ್ಟಿ ಕೂಡುತ್ತದೆ, ದೇವರ ಕೂಗನ್ನು ಬೀದಿಗೆ ಹಾಕಿದವನು ಯಾರು ಎಂದು ಕೇಳುತ್ತದೆ. ಹಾಡು ಅಳಿಸು ಅನ್ನುತ್ತದೆ. ಅವ್ವ ಮತ್ತೆ ತವರಿನ ಹೊಸಿಲು ತುಳಿಯುವಂತಿಲ್ಲ. ಓಬಯ್ಯ ಎತ್ತುಗಳನ್ನು ಒಂದೊಂದಾಗಿ ಕೈಯಿಂದಲೇ ತಳ್ಳಿಕೊಂಡು ಬಯಲಿಗಿಳಿಸಿದ. ಕೂಗಲಿಲ್ಲ.

ಆ ವಾರವೇ ಅವನು ಹಟ್ಟಿಯ ಹಿರಿಯರ ಮುಂದೆ ಕೋಲು ಇಟ್ಟ. ಎಷ್ಟು ಹೇಳಿದರೂ ಮತ್ತೆ ಮುಟ್ಟಲಿಲ್ಲ. ಮಂದೆಗೆ ಬೇರೆ ಕಿಲಾರಿ ಬಂದ. ಓಬಯ್ಯ ಚಳ್ಳಕೆರೆಗೆ ಬಂದು, ಅಕ್ಕ ಪಾಪಕ್ಕನ, ಅಂದರೆ ಮುತ್ತುರಾಜನ ಅವ್ವನ, ಮನೆಯ ಒಳಕೋಣೆಯಲ್ಲಿ, ಮುತ್ತುರಾಜನ ಡ್ರಮ್ಮುಗಳ ಪಕ್ಕದಲ್ಲೇ ಹಾಸಿಗೆ ಹಾಕಿಕೊಂಡ.

‘ಓಡ್ಲೇ’ ಓಡುತ್ತಲೇ ಇದೆ. ಶೇಂಗಾ ತುಂಬಿದ ಟ್ರ್ಯಾಕ್ಟರುಗಳು ಅದನ್ನು ಹಾಕಿಕೊಂಡು ಬೀದಿಯಲ್ಲಿ ಹೋಗುತ್ತವೆ. ಮೂರನೆಯ ಹಾಡು ಶುರುವಾದಾಗ ಓಬಯ್ಯ ಊಟದ ತಟ್ಟೆ ಸರಿಸಿ, ಬಾಗಿಲ ಕಡೆ ನೋಡಿ, ಬಂದೆ ಅಪ್ಪ ಎಂದು ಮೆಲ್ಲಗೆ ಹೇಳುತ್ತಾನೆ. ಎದುರಿಗೆ ಕೂತ ಮುತ್ತುರಾಜ ತಲೆ ಎತ್ತದೆ ಮುದ್ದೆ ಮುರಿಯುತ್ತಾನೆ.

ಆ ದನಿ ತನ್ನದು ಎಂದು ಅವನು ಮಾವನಿಗೆ ಯಾವತ್ತೂ ಹೇಳಲಿಲ್ಲ.